ಓಲೆಗರಿಯಿಂದ ಡಿಸ್ಕಿನವರೆಗೆ

ಮೈಸೂರು ನಗರದ ಪ್ರಾಚ್ಯವಿದ್ಯಾ ಸಂಶೋಧನಾಲಯವು 1891ರಲ್ಲಿ, ಹತ್ತನೆಯ ಚಾಮರಾಜ ಒಡೆಯರ ಆಳ್ವಿಕೆಯಲ್ಲಿ ಸ್ಥಾಪನೆಗೊಂಡು, 1916ರಲ್ಲಿ ವಿಶ್ವವಿದ್ಯಾನಿಲಯದ ಆಶ್ರಯಕ್ಕೆ ಬಂದಿತು. ತಂಜಾವೂರು ಪ್ರಾಂತದ ಪಂಡಿತರೊಬ್ಬರು ಈ ಭಂಡಾರಕ್ಕೆ ಒಪ್ಪಿಸಿದ ಓಲೆಯ ಕಟ್ಟೊಂದರಲ್ಲಿ, ಗ್ರಂಥಲಿಪಿಯ ಮರೆಯಲ್ಲಿ, ಕೌಟಿಲ್ಯನ ಅರ್ಥಶಾಸ್ತ್ರವು ಅಡಗಿತ್ತು. ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಅಲ್ಲಿಯವರೆಗೆ ವಿದ್ವಾಂಸರು ಆ ಕೃತಿಯನ್ನು ಬಲ್ಲದ್ದು ಬಹುಮಟ್ಟಿಗೆ ಇತರ ಗ್ರಂಥಗಳಲ್ಲಿನ ಉಲ್ಲೇಖಗಳಿಂದಲೇ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಗ್ರಂಥವು ನಾಶವಾಗಿರಲಿಲ್ಲ, ಎಲ್ಲಿದೆಯೆಂಬುದು ತಿಳಿಯದೆ, ಇದ್ದೂ ಇಲ್ಲದಂತಾಗಿತ್ತು. ಒಂದು ವಸ್ತುವನ್ನು ಇಡುವುದು ಬೇರೆ, ಕಾಪಾಡುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಂದಿನ ಭಂಡಾರ

ಈಗ ಗ್ರಂಥಭಂಡಾರದ ರೂಪವೇ ಬದಲಾಗಿದೆ. 1969ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಭಾರತೀಯ ಭಾಷಾ ಸಂಸ್ಥಾನವು 2016ರಲ್ಲಿ ಭಾರತವಾಣಿ ಎಂಬ ಜಾಲತಾಣವನ್ನು ತೆರೆದು, ಹಲವು ಭಾಷೆಗಳ ನಿಘಂಟುಗಳನ್ನೂ ಪುಸ್ತಕಗಳನ್ನೂ ಮನೆಮನೆಗೆ ತಲಪಿಸಿತು. ಅಷ್ಟು ದೊಡ್ಡದಲ್ಲದಿದ್ದರೂ, ಒಂದು ಸಣ್ಣ ಸಂಘವೋ ಶಾಲೆಯೋ ತನ್ನ ಹಳೆಯ ಪುಸ್ತಕಗಳನ್ನೂ ಭಾವಚಿತ್ರಗಳನ್ನೂ ಲೋಕದ ಮುಂದಿಡಲು ಪುಟ್ಟ ಸರ್ವರ್ ಒಂದನ್ನು ನಡೆಸಬಹುದು. ಸರ್ವರ್ ಎಂದರೆ ಹಗಲಿರುಳೂ ಎಚ್ಚತ್ತಿದ್ದು ಕೇಳಿದವರಿಗೆ ಕೇಳಿದ ಪುಟವನ್ನು ಕೊಡುವ ಕಂಪ್ಯೂಟರ್. ಅದರ ಉಗ್ರಾಣವೇ ಡಿಸ್ಕು.

1956ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಮೊದಲ ಡಿಸ್ಕು ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಅವೆಲ್ಲ ಸೇರಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದು ಅಂಗೈಯಲ್ಲಿ ಹಿಡಿಸುವ ಒಂದು ಟೆರಾಬೈಟಿನ ಡಿಸ್ಕಿನಲ್ಲಿ ಒಂದು ಲಕ್ಷ ಕೋಟಿ ಬೈಟುಗಳಿಗೆ ಸ್ಥಳವಿದೆ. ಕನ್ನಡದ ‘ಕ’ ಅಕ್ಷರಕ್ಕೆ ಮೂರು ಬೈಟುಗಳು ಬೇಕು, ‘ಕ್ಷ’ಕ್ಕೆ ಒಂಬತ್ತು. ಆದರೂ ಸ್ಥಳಕ್ಕೆ ಬಡತನವಿಲ್ಲ, ಬಡತನವಿರುವುದು ವ್ಯವಸ್ಥೆಗೆ.

ಹದಮಾಡುವ ಕೆಲಸ

ಮರದಿಂದ ಕಿತ್ತ ತಾಳೆಗರಿಯ ಮೇಲೆ ಯಾರೂ ನೇರವಾಗಿ ಬರೆಯುತ್ತಿರಲಿಲ್ಲ. ಅದನ್ನು ಬೇಯಿಸಿ, ಒಣಗಿಸಿ, ನುಣುಪುಗೊಳಿಸಿ, ಅಳತೆಗೆ ಕತ್ತರಿಸಿ, ದಾರಕ್ಕೆ ರಂಧ್ರ ಕೊರೆದ ಮೇಲಷ್ಟೇ ಲಿಪಿಕಾರನು ಕಂಟವನ್ನು ಕೈಗೆತ್ತಿಕೊಳ್ಳುತ್ತಿದ್ದನು. ಹೊಸ ಡಿಸ್ಕಿಗೂ ಇಂತಹ ಸಂಸ್ಕಾರವುಂಟು. ಅದನ್ನೇ ಫಾರ್ಮ್ಯಾಟ್ ಮಾಡುವುದೆನ್ನುತ್ತಾರೆ.

ಮೊದಲನೆಯ ಹೆಜ್ಜೆ ವಿಭಜನೆ. ಅಡುಗೆಮನೆ, ದೇವರಮನೆ, ಉಗ್ರಾಣಗಳೆಂದು ಮನೆಯನ್ನು ವಿಂಗಡಿಸುವಂತೆ, ಡಿಸ್ಕಿನಲ್ಲಿ ಯಂತ್ರವನ್ನು ನಡೆಸುವ ತಂತ್ರಾಂಶಕ್ಕೆ ಒಂದು ಭಾಗ, ಜಾಲತಾಣದ ಪುಟಗಳಿಗೂ ಚಿತ್ರಗಳಿಗೂ ಇನ್ನೊಂದು, ಬಂದುಹೋದವರ ದಿನಚರಿಗೆ ಮತ್ತೊಂದು ಎಂದು ಬೇರ್ಪಡಿಸುವುದು ಲೇಸು. ಈ ದಿನಚರಿಯನ್ನು ಯಾರೂ ಓದದಿದ್ದರೂ ಅದು ದಿನದಿನಕ್ಕೆ ಬೆಳೆಯುತ್ತದೆ. ಎಲ್ಲವೂ ಒಂದೇ ಕೋಣೆಯಲ್ಲಿದ್ದರೆ, ಒಂದು ದಿನ ಅದು ಕೋಣೆಯನ್ನೆಲ್ಲ ತುಂಬಿ ಸರ್ವರಿಗೆ ಉಸಿರಾಡಲೂ ಎಡೆಯಿಲ್ಲದಂತಾದೀತು. ವಿಭಜನೆಯಿಂದ ಇನ್ನೊಂದು ಲಾಭವೂ ಇದೆ: ತಂತ್ರಾಂಶವು ಕೆಟ್ಟಾಗ ಅದನ್ನು ಮಾತ್ರ ಹೊಸದಾಗಿ ಸ್ಥಾಪಿಸಬಹುದು; ಪುಸ್ತಕಗಳ ಭಾಗವನ್ನು ಮುಟ್ಟಬೇಕಾದುದಿಲ್ಲ.

ಎರಡನೆಯದು ಕಡತವ್ಯವಸ್ಥೆಯ ಸ್ಥಾಪನೆ. ಯಾವ ಕಡತ ಎಲ್ಲಿದೆ, ಯಾರದು, ಎಷ್ಟು ದೊಡ್ಡದು ಎಂಬುದನ್ನು ತಿಳಿಸುವ ಗ್ರಂಥಸೂಚಿಯಿದು. ಲಿನಕ್ಸ್ ಸರ್ವರುಗಳಲ್ಲಿ ಬಳಕೆಯಲ್ಲಿರುವ ಎಕ್ಸ್ಟ್4 ಎಂಬ ವ್ಯವಸ್ಥೆಯಲ್ಲಿ ಈ ಸೂಚಿಯ ಚೀಟಿಗಳ ಸಂಖ್ಯೆಯು ಫಾರ್ಮ್ಯಾಟ್ ಮಾಡುವಾಗಲೇ ನಿಗದಿಯಾಗುತ್ತದೆ. ಸಾಮಾನ್ಯವಾಗಿ 16 ಕಿಲೋಬೈಟಿಗೆ ಒಂದರಂತೆ. ಲಕ್ಷಾಂತರ ಪುಟ್ಟ ಚಿತ್ರಗಳನ್ನು ತುಂಬಿದರೆ, ಡಿಸ್ಕಿನಲ್ಲಿ ಸ್ಥಳವಿದ್ದೂ ಚೀಟಿ ಮುಗಿದು, ಹೊಸ ಕಡತಕ್ಕೆ ಪ್ರವೇಶವಿಲ್ಲದಂತಾಗುವುದುಂಟು. ಕಪಾಟು ಖಾಲಿಯಿದ್ದರೂ ನೋಂದಣಿ ಪುಸ್ತಕ ಮುಗಿದ ಗ್ರಂಥಾಲಯದ ಸ್ಥಿತಿಯಂತೆ ಇದು.

ಮೂರನೆಯದು ನಾಮಕರಣ. ಯಂತ್ರವು ತಾನು ಏಳುವಾಗ ಕಂಡ ಕ್ರಮದಲ್ಲಿ ಡಿಸ್ಕುಗಳನ್ನು ಎಸ್‌ಡಿಎ, ಎಸ್‌ಡಿಬಿ ಎಂದು ಕರೆಯುತ್ತದೆ. ಮುಂದಿನ ಸಲ ಆ ಕ್ರಮ ಬದಲಾಗಬಹುದು. ‘ಎರಡನೆಯ ಸಾಲಿನ ಮೂರನೆಯ ಕಟ್ಟು’ ಎಂದು ಗುರುತಿಟ್ಟುಕೊಂಡರೆ, ಯಾರಾದರೂ ಕಪಾಟನ್ನು ಸರಿಸಿದೊಡನೆ ಗುರುತು ಸುಳ್ಳಾಗುವುದಿಲ್ಲವೇ? ಆದಕಾರಣ ಪ್ರತಿ ಭಾಗಕ್ಕೂ ಫಾರ್ಮ್ಯಾಟಿನ ಸಮಯದಲ್ಲಿ ದೊರೆಯುವ ಯುಯುಐಡಿ ಎಂಬ ಅನನ್ಯ ಸಂಖ್ಯೆಯನ್ನೇ ಬರೆದಿಟ್ಟುಕೊಂಡು, ಅದರಿಂದಲೇ ಭಾಗವನ್ನು ಸರ್ವರಿಗೆ ಜೋಡಿಸುವುದು ಜಾಣತನ.

ಈ ನಾಮಕರಣದ ತೊಡಕಿನಿಂದಲೇ ಮಹಾಪ್ರಮಾದಗಳೂ ಸಂಭವಿಸುತ್ತವೆ. ಖಾಲಿ ಡಿಸ್ಕೆಂದು ಭಾವಿಸಿ ತುಂಬಿದ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದರೆ, ಹತ್ತು ವರ್ಷಗಳ ಸಂಗ್ರಹವು ಕೆಲವು ಕ್ಷಣಗಳಲ್ಲಿ ಇಲ್ಲವಾಗುತ್ತದೆ. ತಟ್ಟೆಯ ಡಿಸ್ಕಿನಲ್ಲಿ ಶೀಘ್ರ ಫಾರ್ಮ್ಯಾಟ್ ಎಂಬುದು ಸೂಚಿಯನ್ನು ಮಾತ್ರ ಅಳಿಸುವುದರಿಂದ, ಮೇಲೆ ಬೇರೇನೂ ಬರೆಯದಿದ್ದರೆ ಸ್ವಲ್ಪಮಟ್ಟಿಗೆ ಮರಳಿ ಪಡೆಯುವ ಆಸೆಯುಂಟು. ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿ ಡ್ರೈವುಗಳಲ್ಲಿ ಆ ಆಸೆಯೂ ಬಹುಮಟ್ಟಿಗೆ ಇಲ್ಲ. ಆಜ್ಞೆ ಕೊಡುವ ಮುನ್ನ ಡಿಸ್ಕಿನ ಗಾತ್ರವನ್ನೂ, ಅದರ ಮೈಮೇಲೆ ಅಚ್ಚಾದ ಕ್ರಮಸಂಖ್ಯೆಯನ್ನೂ ಎರಡೆರಡು ಬಾರಿ ಹೋಲಿಸಿ ನೋಡುವವನೇ ವಿವೇಕಿ.

ಪ್ರತಿಯೇ ಪ್ರಾಣ

ಒಂದೇ ಬರಹವನ್ನು ಎರಡು ಡಿಸ್ಕುಗಳಲ್ಲಿ ಏಕಕಾಲಕ್ಕೆ ಬರೆಯುವ ರೇಯ್ಡ್ ಎಂಬ ಏರ್ಪಾಡೊಂದಿದೆ. ಒಂದು ಡಿಸ್ಕು ಕೆಟ್ಟರೆ ಇನ್ನೊಂದು ಕೆಲಸವನ್ನು ಮುಂದುವರಿಸುತ್ತದೆ. ಇದು ಉಪಯುಕ್ತವೇ ಸರಿ. ಆದರೆ ಒಬ್ಬನು ಓದಿ ಹೇಳಿದುದನ್ನು ಇಬ್ಬರು ಲಿಪಿಕಾರರು ಬರೆದುಕೊಂಡಂತೆ ಇದು. ಹೇಳಿದವನು ತಪ್ಪಿದರೆ ಇಬ್ಬರ ಓಲೆಯಲ್ಲಿಯೂ ತಪ್ಪೇ. ಒಂದರಲ್ಲಿ ಅಳಿಸಿದುದು ಆ ಕ್ಷಣವೇ ಇನ್ನೊಂದರಲ್ಲಿಯೂ ಅಳಿಯುತ್ತದೆ. ಇದನ್ನು ರಕ್ಷಾಪ್ರತಿಯೆಂದು ನಂಬಿದವರು ಕೆಡುತ್ತಾರೆ.

ನಿಜವಾದ ರಕ್ಷೆಗೆ ತಜ್ಞರು ಒಪ್ಪಿದ ಸೂತ್ರ ಸರಳವಾದುದು: ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮಗಳು, ಅವುಗಳಲ್ಲೊಂದು ಬೇರೆ ಊರಿನಲ್ಲಿ ಅಥವಾ ಬೇರೆ ಕಟ್ಟಡದಲ್ಲಿ. ಆ ಪ್ರತಿಯಿಂದ ಕಡತವೊಂದನ್ನು ಆಗಾಗ ತೆರೆದು ಓದಿ ನೋಡುವುದೂ ಅಷ್ಟೇ ಅಗತ್ಯ. ಬಿಚ್ಚಿ ನೋಡದ ಕಟ್ಟಿನಲ್ಲಿ ಓಲೆಯಿದೆಯೋ ಹುಳು ತಿಂದ ಪುಡಿಯಿದೆಯೋ ಯಾರು ಬಲ್ಲರು?

ಓಲೆಗೂ ಡಿಸ್ಕಿಗೂ ಒಂದು ದೊಡ್ಡ ಅಂತರವಿದೆ. ನಿಂಬೆಹುಲ್ಲಿನ ಎಣ್ಣೆ ಸವರಿ, ಹಲಗೆಗಳ ನಡುವೆ ಕಟ್ಟಿ, ಬಟ್ಟೆ ಸುತ್ತಿಟ್ಟ ಓಲೆಯು ಶತಮಾನಗಳವರೆಗೆ ಬಾಳಬಲ್ಲದು; ನಾವು ಮರೆತರೂ ನಮಗಾಗಿ ಕಾದೀತು. ಎಡೆಬಿಡದೆ ದುಡಿಯುವ ಡಿಸ್ಕಿನ ಆಯುಸ್ಸಾದರೋ ಕೆಲವೇ ವರ್ಷಗಳದು. ಅರ್ಥಶಾಸ್ತ್ರವು ತನ್ನನ್ನು ಗುರುತಿಸುವ ಕಣ್ಣಿಗಾಗಿ ದೀರ್ಘಕಾಲ ಕಾದು ಕುಳಿತಿತು. ಇಂದಿನ ಕಡತಕ್ಕೆ ಆ ತಾಳ್ಮೆಯಿಲ್ಲ. ಪ್ರತಿಮಾಡುವ ಲಿಪಿಕಾರನ ಕರ್ತವ್ಯವು ಯಂತ್ರ ಬಂದುದರಿಂದ ಮುಗಿಯಲಿಲ್ಲ; ಶತಮಾನಕ್ಕೊಮ್ಮೆ ಆಗುತ್ತಿದ್ದುದು ಐದಾರು ವರ್ಷಗಳಿಗೊಮ್ಮೆ ಆಗಬೇಕಾಗಿದೆ, ಅಷ್ಟೆ.

ಈ ಮಾತು ಸರ್ವರು ನಡೆಸುವವರಿಗೆ ಮಾತ್ರವಲ್ಲ. ಮಗಳ ಮದುವೆಯ ಚಿತ್ರಗಳೂ, ಅಜ್ಜಿಯ ದನಿಯ ಸಂಪ್ರದಾಯದ ಹಾಡುಗಳೂ ಇಂದು ಎಷ್ಟೋ ಮನೆಗಳಲ್ಲಿ ಒಂದೇ ಡಿಸ್ಕಿನಲ್ಲಿ, ಹೆಸರಿಲ್ಲದ ಕಡತಗಳಾಗಿ, ಬೀರುವಿನ ಮೂಲೆಯಲ್ಲಿ ಬಿದ್ದಿವೆ. ಬರುವ ಭಾನುವಾರದ ಒಂದೆರಡು ಗಂಟೆಗಳನ್ನು ಅವಕ್ಕೆ ಮೀಸಲಿಟ್ಟು, ವರ್ಷವಾರು ಹೆಸರು ಕೊಟ್ಟು, ಒಂದು ಪ್ರತಿಯನ್ನು ತೆಗೆದು ಬಂಧುಗಳ ಮನೆಯಲ್ಲಿರಿಸಿದರೆ ಸಾಕು. ಮೊಮ್ಮಕ್ಕಳು ಅದನ್ನು ಹುಡುಕಿ ಕಣ್ಣೀರಿಡಬೇಕಾದ ಪ್ರಸಂಗ ಬಾರದು.