ಮೋಟಾರಿನ ಗಾಜೂ ಹೆಪ್ಪುಗಟ್ಟಿದ ನೀರೂ

ನಮ್ಮ ಕೊಳಾಲದಲ್ಲಿ ಮೋಟಾರಿನ ಮುಂಗಾಜನ್ನು ತೊಳೆವ ತೊಟ್ಟಿಗೆ ಬಾವಿಯ ನೀರು ಸಾಕು. ಮಾಗಿಯಲ್ಲಿಯೂ ಅದು ಹೆಪ್ಪುಗಟ್ಟದು. ಈ ಅಭ್ಯಾಸಬಲದಿಂದ ನಾವು ಷಿಕಾಗೋ ನಗರದಲ್ಲಿ ಉಪಕಾರ ಮಾಡಹೋಗಿ, ಮಗನ ಗಾಡಿಯ ಬರಿದಾದ ತೊಟ್ಟಿಗೆ ಕೊಳಾಯಿಯ ನೀರನ್ನೇ ತುಂಬಿದೆವು. ಮರುದಿನ ಹೆದ್ದಾರಿಯಲ್ಲಿ ಮುಂದಿನ ಲಾರಿ ಎರಚಿದ ಉಪ್ಪುಗೆಸರು ಗಾಜನ್ನು ಮುಚ್ಚಿತು. ಗುಂಡಿಯನ್ನೊತ್ತಿದರೆ ಹನಿಯೂ ಬರಲೊಲ್ಲದು. ಮಗನು ಪಕ್ಕದ ಕಿಟಕಿಯಿಂದ ತಲೆ ಹೊರಹಾಕಿ ದಾರಿ ನೋಡುತ್ತ ಗಾಡಿಯನ್ನು ಅಂಚಿಗೆ ತರುವಷ್ಟರಲ್ಲಿ ನಮ್ಮ ಜೀವ ಹಾರಿತ್ತು. ಹಿಂದಿನ ಪೀಠದಲ್ಲಿ ಮೊಮ್ಮಗಳಿದ್ದಳು.

ನೀರು ಸೊನ್ನೆ ಡಿಗ್ರಿಯಲ್ಲಿ ಘನೀಭವಿಸಿ ಗಾತ್ರದಲ್ಲಿ ನೂರಕ್ಕೆ ಸುಮಾರು 9 ಪಾಲು ಹಿಗ್ಗುವುದು. ತೊಟ್ಟಿಯೂ ನಳಿಕೆಯೂ ಒಡೆಯುವುದುಂಟು. ಆ ನಗರದಲ್ಲಿ 2019ರ ಜನವರಿ 30ರಂದು ಶೀತವು ಸೊನ್ನೆಗಿಂತ ಸುಮಾರು 30 ಡಿಗ್ರಿ ಕೆಳಗಿಳಿದಿತ್ತು! ಆದಕಾರಣ ಅಲ್ಲಿಯವರು ಮದ್ಯಸಾರ ಬೆರೆತ ಚಳಿಗಾಲದ ದ್ರವವನ್ನು ತುಂಬಿ, ಗುಂಡಿಯನ್ನೊತ್ತಿ ನಳಿಕೆಯಲ್ಲಿ ಉಳಿದ ಹಳೆಯ ನೀರನ್ನೆಲ್ಲ ಹೊರಹಾಕುವರು. ಹೆಪ್ಪುಗಟ್ಟಿದ ಮೇಲೆ ಗುಂಡಿಯನ್ನೊತ್ತುತ್ತಲೇ ಇದ್ದರೆ ಪಂಪು ಸುಟ್ಟೀತು; ಬಿಸಿನೀರು ಸುರಿದರೆ ಗಾಜೇ ಸೀಳೀತು. ಬೆಚ್ಚನೆಯ ಗ್ಯಾರೇಜಿನಲ್ಲಿ ಗಾಡಿಯನ್ನಿರಿಸಿ ಕರಗಿಸುವುದೇ ಲೇಸು.

ಈ ದ್ರವದಲ್ಲಿ ಹಲವು ವೇಳೆ ಮೆಥನಾಲ್ ಎಂಬ ವಿಷವಿರುವುದು. ಕುಡಿದರೆ ಕಣ್ಣೂ ಪ್ರಾಣವೂ ಹೋದಾವು. ನೋಡಲು ಮಾತ್ರ ನೀಲಿ ಶರಬತ್ತಿನಂತೆಯೇ! ಮಗನು ಅದನ್ನು ಬೀಗದ ಕಪಾಟಿನಲ್ಲಿಡುವನು.