ಕರೆಂಟು ಹೋದ ಹೊತ್ತಿಗೆ ಒದಗುವ ಪೆಟ್ಟಿಗೆ

ಭರಣಿ ಮಳೆಯ ಗಾಳಿಗೆ ತೆಂಗಿನ ಗರಿಯೊಂದು ತಂತಿಯ ಮೇಲೆ ಬಿದ್ದರೆ ಸಾಕು, ಮಂಡ್ಯ ಜಿಲ್ಲೆಯ ಕೊತ್ತತ್ತಿ ಸುತ್ತಲ ಹಳ್ಳಿಗಳಲ್ಲಿ ಕರೆಂಟು ಹೋಗುತ್ತದೆ. ಊರೊಳಗೆ ಬೇಗ ಬಂದರೂ ಗದ್ದೆ ಬಯಲಿನ ತೋಟದ ಮನೆಗೆ ಬರುವುದು ಲೈನ್‌ಮನ್ ಕಂಬ ಹತ್ತಿದ ಮೇಲೆಯೇ. ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟಿದ್ದರಂತೂ ಇನ್ನೂ ತಡ. ವಿದ್ಯುತ್ ಕಂಪನಿ ಚೆಸ್ಕಾಂನ 1912ಕ್ಕೆ ದೂರು ಹೇಳೋಣವೆಂದರೆ ಮೊಬೈಲಿನಲ್ಲೇ ಚಾರ್ಜ್ ಇರುವುದಿಲ್ಲ.

ಈ ಜಿಲ್ಲೆಗೂ ಕರೆಂಟಿಗೂ ಹಳೆಯ ನಂಟು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಉತ್ಪಾದನೆ ಶುರುವಾಯಿತು. ಅದು ಮೊದಲು ಹರಿದದ್ದು ಸುತ್ತಲ ಹಳ್ಳಿಗಳಿಗಲ್ಲ, ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ. ಈಗ ಶ್ರೀರಂಗಪಟ್ಟಣದ ಕಡೆಯ ಮರಳಗಾಲದ ನೆಲದಡಿ 1,600 ಟನ್ ಲಿಥಿಯಂ ಇರುವುದನ್ನು ಪರಮಾಣು ಖನಿಜ ನಿರ್ದೇಶನಾಲಯ ಗುರುತಿಸಿದೆ. ಅದು ಬ್ಯಾಟರಿಯಾಗಿ ಮಂಡ್ಯದ ಮನೆ ಸೇರುವುದು ಯಾವಾಗಲೋ! ಸದ್ಯಕ್ಕೆ ಅಂಗಡಿಯಲ್ಲಿ ಸಿಗುವುದನ್ನೇ ಲೆಕ್ಕ ಹಾಕಿ ಕೊಳ್ಳಬೇಕು.

ಆ ಲೆಕ್ಕದಲ್ಲೇ ಬಹಳ ಜನ ಎಡವುವುದು. ಪವರ್ ಬ್ಯಾಂಕ್ ಡಬ್ಬದ ಮೇಲಿನ 20,000 ಎಂಎಎಚ್ ದೊಡ್ಡದಾಗಿ ಕಾಣುತ್ತದೆ, 3.7 ವೋಲ್ಟಿನಿಂದ ಗುಣಿಸಿದರೆ ಅದು 74 ವ್ಯಾಟ್-ಅವರ್ ಮಾತ್ರ. ಮೂರನೇ ಒಂದು ಪಾಲು ಬಿಸಿಯಾಗಿಯೂ ವೋಲ್ಟೇಜ್ ಬದಲಾಯಿಸುವಾಗಲೂ ಸೋರಿಹೋಗುತ್ತದೆ. ಸಾಧಾರಣ ಫೋನನ್ನು ಎರಡು-ಮೂರು ಸಲ ತುಂಬಿಸುವಷ್ಟು ಉಳಿಯುತ್ತದೆ. ಒಂದು ರಾತ್ರಿಗೆ ಅದು ಧಾರಾಳ. ಫ್ಯಾನು, ದೀಪ, ವೈಫೈ ಎಲ್ಲವೂ ಬೇಕೆಂದರೆ ಪ್ಲಗ್ ಪಾಯಿಂಟ್ ಇರುವ ದೊಡ್ಡ ಪೆಟ್ಟಿಗೆಯೇ ಬೇಕು. 500 ವ್ಯಾಟ್-ಅವರ್‌ನ ಪೆಟ್ಟಿಗೆ ಸುಮಾರು ಆರೇಳು ಕೆ.ಜಿ. ತೂಗುತ್ತದೆ. 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು, ಒಂದು ಎಲ್‌ಇಡಿ ಬಲ್ಬು, ಒಂದು ರೂಟರ್ ಹಾಕಿದರೆ ಎಂಟೊಂಬತ್ತು ಗಂಟೆ ನಡೆಸೀತು. ಅದೇ 75 ವ್ಯಾಟಿನ ಹಳೆಯ ಫ್ಯಾನಾದರೆ ನಾಲ್ಕೂವರೆ ಗಂಟೆಗೆ ಖಾಲಿ. ಹಾಗಾಗಿ ಪೆಟ್ಟಿಗೆಗಿಂತ ಮುಂಚೆ ಫ್ಯಾನು ಬದಲಾಯಿಸುವುದೇ ಜಾಣತನ. ಐದು ಎಚ್‌ಪಿ ಪಂಪ್‌ಸೆಟ್ ಮಾತ್ರ ಇದರ ಹತ್ತಿರಕ್ಕೂ ಬರಕೂಡದು. ಅದು ಎಳೆಯುವುದು 3,700 ವ್ಯಾಟಿಗೂ ಹೆಚ್ಚು.

ಆಕ್ಸಿಜನ್ ಕಾನ್ಸಂಟ್ರೇಟರ್ ಇರುವ ಮನೆಯವರು ಇನ್ನೂ ಹುಷಾರಾಗಿರಬೇಕು. ಐದು ಲೀಟರಿನ ಯಂತ್ರ ಸುಮಾರು 300 ವ್ಯಾಟ್ ಎಳೆಯುತ್ತದೆ, ಅದೇ ಪೆಟ್ಟಿಗೆ ಒಂದೂವರೆ ಗಂಟೆಯೂ ತಡೆಯದು. ಪಕ್ಕದಲ್ಲಿ ಸಿಲಿಂಡರ್ ಇರಲೇಬೇಕು.

ಕಾರಿನ ಕಥೆ ಬೇರೆ. ಹಳ್ಳಿ ಬೀದಿಯಲ್ಲಿ ಬ್ಯಾಟರಿ ಡೌನಾದರೆ ನಾಲ್ಕು ಜನ ಬಂದು ತಳ್ಳುತ್ತಾರೆ, ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟರೆ ಎಂಜಿನ್ ಹತ್ತಿಕೊಳ್ಳುತ್ತದೆ. ಆಟೊಮ್ಯಾಟಿಕ್ ಕಾರಿಗೆ ಈ ಉಪಾಯ ನಡೆಯುವುದಿಲ್ಲ. 2023ರ ಮಾರ್ಚ್ 12ರಂದು ಮದ್ದೂರಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ತಳ್ಳುವವರೂ ಇರುವುದಿಲ್ಲ. ಬೈಕು, ಆಟೊಗಳಿಗೆ ಅಲ್ಲಿ ಪ್ರವೇಶವೇ ಇಲ್ಲ. 2022ರ ಆಗಸ್ಟ್‌ನಲ್ಲಿ ರಾಮನಗರದ ಬಳಿ ಹೆದ್ದಾರಿಗೇ ನೀರು ನುಗ್ಗಿ ವಾಹನಗಳು ಸಿಕ್ಕಿಕೊಂಡಾಗ ಗಂಟೆಗಟ್ಟಲೆ ಕಾದವರಿಗೆ ಫೋನಿನ ಚಾರ್ಜ್‌ನ ಬೆಲೆ ಗೊತ್ತಾಗಿತ್ತು.

ತಳ್ಳುವವರಿಲ್ಲದ ಕಡೆ ಬ್ಯಾಟರಿ ಡೌನಾದರೆ ಕೈಗಾತ್ರದ ಜಂಪ್ ಸ್ಟಾರ್ಟರ್ ಒದಗುತ್ತದೆ. ಕೆಂಪು ಕ್ಲಿಪ್ ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಕ್ಲಿಪ್ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಸೆಲ್ಫ್ ಒಮ್ಮೆಗೆ ಐದು ಸೆಕೆಂಡಿಗಿಂತ ಹೆಚ್ಚು ಹೊಡೆಯಬಾರದು, ಎಂಜಿನ್ ಹತ್ತಿಕೊಂಡ ಕೂಡಲೇ ಕ್ಲಿಪ್ ತೆಗೆಯಬೇಕು. ಡೀಸೆಲ್ ಕಾರಿಗೆ ಹೆಚ್ಚು ಆಂಪಿಯರ್‌ನದ್ದೇ ಬೇಕು. ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತಿದ್ದೂ ಸೆಲ್ಫ್ ತಿರುಗದಿದ್ದರೆ ದೋಷ ಬಹುಶಃ ಬೇರೆ ಕಡೆ ಇದೆ. ಆಗ ಕಾರಿನಿಂದಿಳಿದು ತಡೆಗೋಡೆಯಾಚೆ ನಿಂತು ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡುವುದೇ ಸರಿ. ಬೇಸಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಕೆಲವೆಡೆ 60 ಡಿಗ್ರಿ ದಾಟುತ್ತದೆ, ಲಿಥಿಯಂ ಪ್ಯಾಕನ್ನು ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟು ಹೋಗುವುದು ಅಪಾಯ.

ಕೊಳ್ಳುವಾಗ ವ್ಯಾಟ್-ಅವರ್ ಮತ್ತು ಬಿಐಎಸ್ ನೋಂದಣಿ ಸಂಖ್ಯೆ ಎರಡನ್ನೂ ನೋಡಿ. ಮನೆಗೆ ಇಡುವುದಾದರೆ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಮೇಲು: ತೂಕ ಜಾಸ್ತಿ, ಆದರೆ ಬಿಸಿಗೆ ಅಷ್ಟು ಬೇಗ ಕೆರಳದು, ಬಾಳಿಕೆಯೂ ಹೆಚ್ಚು. ಎರಡು-ಮೂರು ತಿಂಗಳಿಗೊಮ್ಮೆ ಚಾರ್ಜ್ ನೋಡಿ, ಅಶ್ವಿನಿ ಮಳೆಗೆ ಮುಂಚೆಯಂತೂ ತಪ್ಪದೆ ತುಂಬಿಸಿಡಿ. ಉಬ್ಬಿದ ಪ್ಯಾಕನ್ನು ಕಸದ ಗಾಡಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು.