ತುಟಿ ಸೇರದ ಊರು

ಪರದೆಯ ಮೇಲೆ ಒಂದೇ ಸಾಲು: ‘ನಿಮ್ಮ ಊರಿನ ಬಗ್ಗೆ ಬರೆಯಿರಿ. ತುಟಿಗೆ ತುಟಿ ತಾಗಬಾರದು.’ ಹತ್ತು ನಿಮಿಷ ಸಮಯ.

ಭಾನುವಾರ ಸಂಜೆ, ಕೋಲಾರದ ಚಿನ್ನದ ಗಣಿಯೂರು ಕೆಜಿಎಫ್‌ನ ಊರಿಗಾಂ. ಗಣಿ ಕಾರ್ಮಿಕರಿಗೆಂದು ಕಟ್ಟಿದ ಸಾಲುಮನೆಗಳಲ್ಲೊಂದು. ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟ ಮೊಬೈಲಿನ ಮುಂದೆ ಹುಡುಗಿಯೊಬ್ಬಳು ಕಾಲು ಮಡಿಸಿ ಕೂತಿದ್ದಾಳೆ. ಕ್ಯಾಮೆರಾಕ್ಕೆ ಬೀಳದಂತೆ ಗೋಡೆಗೆ ಒತ್ತಿಕೊಂಡು ನಾನು. ಮೊಬೈಲಿನೊಳಗೆ ವಾರವಾರ ಈ ಬರವಣಿಗೆ ಕೂಟ ನಡೆಸುವ ಬೆಂಗಳೂರಿನ ಮೇಡಂ, ಕಾಸರಗೋಡಿನ ನಿವೃತ್ತ ಪಂಡಿತರು, ಬಂಗಾರಪೇಟೆಯ ಔಷಧಿ ಅಂಗಡಿಯವರು, ಮಾರಿಕುಪ್ಪಂ ರೈಲಿನಲ್ಲಿ ಕೂತು ಕ್ಯಾಮೆರಾ ಆರಿಸಿಕೊಂಡ ಒಬ್ಬ ಹುಡುಗ, ಎರಡು ಮನೆಯಾಚೆ ಇರುವ, ಗಣಿಯಲ್ಲಿ ಬದುಕು ಸವೆಸಿದ ಹಿರಿಯರು. ಶೀಟಿನ ಮೇಲೆ ಮಳೆ ಹೊಯ್ಯುತ್ತಿದೆ. ತನ್ನ ಮೈಕು ಬಿಟ್ಟರೆ ಎಲ್ಲರ ಕಿವಿಗೂ ಕಲ್ಲು ಸುರಿದಂತಾಗುತ್ತದೆಂದು ಅವಳು ಹೇಳಬೇಕಾದ್ದನ್ನೆಲ್ಲ ಚಾಟ್‌ನಲ್ಲಿ ಬರೆಯುತ್ತಾಳೆ.

ಈ ಕಟ್ಟಳೆ ಸುಮ್ಮನೆ ಹುಟ್ಟಿದ್ದಲ್ಲ. ಮೊದಲ ವಾರ ಮೇಡಂ ಯಾವ ನಿಬಂಧನೆಯೂ ಇಲ್ಲದೆ ‘ನಿಮ್ಮ ಊರು’ ಎಂದು ಕೊಟ್ಟಿದ್ದರು. ಬಂದದ್ದೆಲ್ಲ ಸಿನಿಮಾ. 2018 ಮತ್ತು 2022ರ ‘ಕೆಜಿಎಫ್’ ಚಿತ್ರದ ಎರಡು ಭಾಗಗಳು ಈ ಊರಿನವರ ಕಣ್ಣನ್ನೂ ಬಿಟ್ಟಿಲ್ಲ. ಮನೆ ಹಿಂದೆ ಗಣಿಯ ಕಸ ಗುಡ್ಡೆಯಾದ ಸಯನೈಡ್ ದಿಬ್ಬವನ್ನು ದಿನಾ ನೋಡುವವರೂ ಅದನ್ನು ಬರೆಯುವಾಗ ಕ್ಯಾಮೆರಾಮನ್ ಕಂಡಂತೆಯೇ ಬರೆದಿದ್ದರು. ಅದೇ ದಿಬ್ಬದ ಮೇಲೆ ಚಿತ್ರದ ಸೆಟ್ ಹಾಕಿದ್ದರೆನ್ನುವುದು ಬೇರೆ ಮಾತು. ಗಾಳಿ ಎದ್ದಾಗ ಆ ಬೂದುಬಣ್ಣದ ಪುಡಿ ಒಣಗಲು ಹಾಕಿದ ಬಟ್ಟೆಯ ಮೇಲೂ ಅನ್ನದ ತಟ್ಟೆಯ ಮೇಲೂ ಕೂರುವುದನ್ನು ಮಾತ್ರ ಯಾರೂ ಬರೆಯಲಿಲ್ಲ. ಕೈ ಬಿಟ್ಟರೆ ಕೈ ಸವೆದ ದಾರಿಯಲ್ಲೇ ಹೋಗುತ್ತದೆ ಎಂದು ಮೇಡಂ ಅಂದೇ ನಿರ್ಧರಿಸಿದಂತಿದೆ.

ತುಟಿ ಸೇರಿಸದೆ ನುಡಿಯುವ ಈ ನಿರೋಷ್ಠ್ಯ ಹಳೆಯ ಸರಕು. ದಂಡಿಯ ದಶಕುಮಾರಚರಿತದಲ್ಲಿ ಮಂತ್ರಗುಪ್ತನ ತುಟಿ ನಲ್ಲೆಯ ಹಲ್ಲಿಗೆ ಸಿಕ್ಕಿ ಗಾಯವಾಗಿದೆ. ಅದಕ್ಕೇ ಅವನು ತನ್ನ ಕಥೆಯನ್ನೆಲ್ಲ ಓಷ್ಠ್ಯಾಕ್ಷರ ಬಿಟ್ಟು ಹೇಳುತ್ತಾನೆ. ಕಟ್ಟಳೆಗೆ ಅಷ್ಟು ರಸಿಕ ಕಾರಣ ಕೊಟ್ಟವರು ಇನ್ನೊಬ್ಬರಿಲ್ಲ. ಪ್ಯಾರಿಸ್‌ನಲ್ಲಿ 1960ರಲ್ಲಿ ರೇಮೊ ಕೆನೊ ಮತ್ತು ಫ್ರಾನ್ಸ್ವಾ ಲ ಲಿಯೊನೆ ಕಟ್ಟಿದ ಉಲಿಪೊ ಬಳಗ ಇಂಥ ನಿರ್ಬಂಧಗಳನ್ನೇ ಸಾಹಿತ್ಯದ ಯಂತ್ರ ಮಾಡಿಕೊಂಡಿತು. ಅದೇ ಬಳಗದ ಜಾರ್ಜ್ ಪೆರೆಕ್ 1969ರಲ್ಲಿ ಫ್ರೆಂಚ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ‘e’ ಅಕ್ಷರವಿಲ್ಲದೆ ಇಡೀ ಕಾದಂಬರಿ ಬರೆದ. ಕಾರ್ಯಾಗಾರಗಳಲ್ಲಿ ಇದನ್ನೆಲ್ಲ ‘ಪ್ರಯೋಗ’ ಎಂದು ಪರಿಚಯಿಸುವಾಗ ಪಂಡಿತರು ಚಾಟ್‌ನಲ್ಲಿ ಒಂದು ನಗುಮುಖ ಹಾಕಿ ಸುಮ್ಮನಾಗುತ್ತಾರೆ.

ನಗಲು ಅವರಿಗೆ ಹಕ್ಕಿದೆ. ಕೋಲಾರದಲ್ಲೇ 1962ರಲ್ಲಿ ಹುಟ್ಟಿದ ಶತಾವಧಾನಿ ಆರ್. ಗಣೇಶ್ ಇದೇ ಕೆಲಸವನ್ನು ಸಾವಿರಾರು ಜನರೆದುರು ಕಾಗದ ಪೆನ್ನಿಲ್ಲದೆ ಮಾಡಿ ತೋರಿಸಿದವರು. ಎಂಜಿನಿಯರಿಂಗ್ ಓದಿ ಅವಧಾನ ಕಲೆಯ ಮೇಲೆ ಪ್ರೌಢಪ್ರಬಂಧ ಬರೆದವರು. 2012ರ ನವೆಂಬರ್ 30ರಿಂದ ಮೂರು ದಿನ ಬೆಂಗಳೂರಿನಲ್ಲಿ ಪೂರ್ತಿ ಕನ್ನಡದಲ್ಲೇ ಶತಾವಧಾನ ನಡೆಸಿದರು. ಅವಧಾನದಲ್ಲಿ ಪೃಚ್ಛಕನೊಬ್ಬ ಅರ್ಥವೇ ಇಲ್ಲದಂತೆ ಕಾಣುವ ಕೊನೆಯ ಸಾಲು ಕೊಡುತ್ತಾನೆ, ಅದು ಸಮಸ್ಯೆ. ಇನ್ನೊಬ್ಬ ನಾಲ್ಕು ಬೇಡದ ಪದ ಕೊಟ್ಟು ಬೇರೇನೋ ವಸ್ತುವಿನ ಮೇಲೆ ಪದ್ಯ ಕೇಳುತ್ತಾನೆ, ಅದು ದತ್ತಪದಿ. ನಿಷೇಧಾಕ್ಷರಿಯವನು ಅವಧಾನಿ ಬಾಯಿ ತೆರೆಯುವ ಮುಂಚೆಯೇ ಮುಂದಿನ ಅಕ್ಷರವನ್ನು ಊಹಿಸಿ ಬೇಡ ಎನ್ನುತ್ತಾನೆ. ಪದ್ಯಪಾನವೆಂಬ ಬಳಗದ ಗೆಳೆಯರು ಇದೇ ಆಟವನ್ನು ಅಂತರ್ಜಾಲಕ್ಕೆ ತಂದು, ವಾರವಾರ ಸಮಸ್ಯೆಯನ್ನೋ ಚಿತ್ರವನ್ನೋ ಕೊಟ್ಟು ಊರೂರಿನವರಿಂದ ಛಂದೋಬದ್ಧ ಪದ್ಯ ಬರೆಸಿದರು.

ಈ ಭಾನುವಾರದ ಕೂಟ ಅವಧಾನವನ್ನು ತಲೆಕೆಳಗು ಮಾಡಿದಂತಿದೆ. ಅಷ್ಟಾವಧಾನದಲ್ಲಿ ಕೇಳುವವರು ಎಂಟು, ಕಟ್ಟುವವನು ಒಬ್ಬ. ಇಲ್ಲಿ ಕೇಳುವವರು ಒಬ್ಬರೇ, ಕಟ್ಟುವವರು ಚೌಕಕ್ಕೊಬ್ಬರು. ಅಡ್ಡಮಾತಾಡಿ ಗಮನ ಕೆಡಿಸುವ ಅಪ್ರಸ್ತುತ ಪ್ರಸಂಗಿಯ ಪಾತ್ರಕ್ಕೆ ಮಾತ್ರ ಪೈಪೋಟಿ: ಔಷಧಿ ಅಂಗಡಿಯಲ್ಲಿ ಯಾರೋ ಕೆಮ್ಮಿನ ಸಿರಪ್ ಕೇಳುತ್ತಾರೆ, ರೈಲಿನಲ್ಲಿ ಕಡಲೆಕಾಯಿಯವನು ಕೂಗುತ್ತಾನೆ, ಹುಡುಗಿಯ ಅಮ್ಮ ಒಳಗಿನಿಂದ ‘ಸಾಪ್ಪಿಡ ವಾ ಡೀ’ ಎಂದು ಊಟಕ್ಕೆ ಕರೆಯುತ್ತಾರೆ.

ಈ ಊರಿನ ಮನೆಮಾತುಗಳಿಗೂ ಇಂಥ ಆಟ ಹೊಸದಲ್ಲ. ತಮಿಳಿನಲ್ಲಿ ಈಟ್ರಡಿ, ಅಂದರೆ ಕೊನೆಯ ಸಾಲು, ಕೊಟ್ಟು ವೆಣ್ಬಾ ಪದ್ಯ ಕಟ್ಟಿಸುತ್ತಾರೆ. ಕವಿ ಕಾಳಮೇಗಮ್ ಅದರಲ್ಲಿ ಎತ್ತಿದ ಕೈ. ತೆಲುಗಿನಲ್ಲಿ ತಿರುಪತಿ ವೆಂಕಟ ಕವುಲು ಎಂಬ ಜೋಡಿ ಅವಧಾನವನ್ನು ಬೀದಿಬೀದಿಯ ಮಾತಾಗಿಸಿತು. ಗಣಿಗೆ ಇಳಿಯಲು ಬಂದವರು ಆ ನುಡಿಗಳನ್ನೂ ಜೊತೆಯಲ್ಲೇ ತಂದರು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಎನ್ನುವ ಹುಡುಗಿಗೆ ಕಟ್ಟಳೆಯಲ್ಲಿ ಬರೆಯುವುದು ನಮಗಿಂತ ಸಲೀಸು ಎಂದು ನನ್ನ ಗುಮಾನಿ. ಆಡಿದ ಪ್ರತಿ ವಾಕ್ಯದಲ್ಲೂ ಅವಳು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದವಳೇ.

ಹತ್ತು ನಿಮಿಷದ ಮೊದಲ ಎರಡು ಗೋಳಾಟಕ್ಕೆ ಹೋಯಿತು. ಪ, ಫ, ಬ, ಭ, ಮ ಸರಿ; ಉ, ಊ, ಒ, ಓ, ಔ, ವ ಕೂಡ ಇಲ್ಲವೆಂದರೆ? ಊರಿಗಾಂ ಎಂಬ ಹೆಸರಿನ ತಲೆಯೂ ಹೋಯಿತು, ಬಾಲದ ಸೊನ್ನೆ ‘ಮ್’ ಆಗುವುದರಿಂದ ಅದೂ ಹೋಯಿತು. 1894ರಿಂದ ಓಡುತ್ತಿರುವ ರೈಲುದಾರಿಯಲ್ಲಿ ಬಂಗಾರಪೇಟೆ, ಕೋರಮಂಡಲ, ಚಾಂಪಿಯನ್, ಮಾರಿಕುಪ್ಪಂ, ಒಂದೂ ನಿಲ್ಲಲಿಲ್ಲ. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಬೇತಮಂಗಲ ಎಲ್ಲ ಹೊರಗೆ. ‘ರೈಲು’ ಕೂಡ ಹೊರಗೆ. ಉಳಿದದ್ದು ಗಣಿ, ಚಿನ್ನ, ಸಯನೈಡ್. ‘ಅಯ್ಯೋ, ಇದು ಮತ್ತೆ ಸಿನಿಮಾನೇ ಆಯ್ತಲ್ಲ ಮೇಡಂ’ ಎಂದ ರೈಲಿನ ಹುಡುಗ.

ಇನ್ನೊಂದು ತೊಡಕು ಬರೆಯುತ್ತ ಹೋದಂತೆ ಗೊತ್ತಾಯಿತು. ‘ಇಳಿದ’ ಎನ್ನಬಹುದು, ‘ಇಳಿದಳು’ ಎನ್ನುವಂತಿಲ್ಲ. ‘ಅವಳು’ ಅಂತೂ ಬಾಗಿಲಲ್ಲೇ ಸಿಕ್ಕಿಬೀಳುತ್ತಾಳೆ. ಗಂಡಸಿಗೆ ಕ್ರಿಯಾಪದವಿದೆ, ಹೆಂಗಸಿಗಿಲ್ಲ. ಪಂಡಿತರು ಹಳಗನ್ನಡದ ‘ಇಳಿದಳ್’ ಬಳಸಿ ಎಂದು ದಾರಿ ತೋರಿಸಿದರು. ಹುಡುಗಿ ಒಪ್ಪಲಿಲ್ಲ, ನಮ್ಮ ಲೈನ್‌ನಲ್ಲಿ ಯಾರೂ ಹಾಗೆ ಮಾತಾಡಲ್ಲ ಸಾರ್ ಎಂದು ಬರೆದಳು. ಮನೆಯಲ್ಲಿ ಅಜ್ಜಿಯನ್ನು ‘ಪಾಟಿ’ ಎನ್ನುವವಳು ಪಕಾರ ಕೂಡದೆಂದು ಕನ್ನಡದ ಅಜ್ಜಿಯನ್ನು ಕರೆತಂದಳು. ತಾತ ಹಾಗೆಯೇ ಉಳಿದ. ಸಮಯ ಮುಗಿದಾಗ ಚಾಟ್‌ನಲ್ಲಿ ಮೂರು ಪುಟ್ಟ ವಾಕ್ಯ ಬಿತ್ತು: ‘ತಾತ ಗಣಿಗೆ ಇಳಿದ. ಚಿನ್ನ ಕಡಲಾಚೆಗೆ. ಕೆಸರಿನ ಅಂಗಿ ಅಜ್ಜಿಯ ಕೈಗೆ.’

ಅಜ್ಜಿಗೆ ಕ್ರಿಯಾಪದವಿಲ್ಲ, ಅಂಗಿ ಒಗೆಯುವ ಕೆಲಸ ಮಾತ್ರ ತಪ್ಪಿಲ್ಲ. ಆ ಹುಡುಗಿ ಇಷ್ಟನ್ನು ಯೋಚಿಸಿ ಬರೆದಳೆಂದು ನನಗನಿಸುವುದಿಲ್ಲ. ಕಟ್ಟಳೆಯೇ ಬರೆಸಿತು, ಬರೆಸಿದ್ದು ನಿಜವಾಗಿತ್ತು.

ಎಲ್ಲರೂ ಮೆಚ್ಚಿದರು, ಗಣಿಯ ಹಿರಿಯರನ್ನು ಬಿಟ್ಟು. ಅವರು ಮೈಕು ಹಚ್ಚಿದರು. ‘ಅಲ್ಲಮ್ಮಾ, ನಿಮ್ ತಾತ ನನ್ ಜೊತೆ ಇಳಿದೋನು. ಅವನ ಕಾಲಕ್ಕೆ ಇಂಗ್ಲಿಷರ ಜಾನ್ ಟೇಲರ್ ಕಂಪನಿ ಎಲ್ಲಿತ್ತು? 1956ರಲ್ಲೇ ಮೈಸೂರು ಸರ್ಕಾರ ತಗೊಂತು, 62ಕ್ಕೆ ಸೆಂಟ್ರಲ್ ಗೌರ್ಮೆಂಟು. ಕಡಲಾಚೆ ಎಲ್ಲಿಂದ ಬಂತು?’ ಹುಡುಗಿ ತುಟಿ ಕಚ್ಚಿಕೊಂಡು ಅಳಿಸಿ ತಿದ್ದಿದಳು: ‘ಚಿನ್ನ ದಿಲ್ಲಿಗೆ.’ ಇಲ್ಲೂ ತುಟಿ ಸೇರಲಿಲ್ಲ. ಹಿರಿಯರು ‘ಈಗ ಸರಿ’ ಎಂದರು.

ಬಂಗಾರಪೇಟೆಯವರು ತಮ್ಮೂರ ಪಾನಿಪೂರಿಯ ಮೇಲೆ ಬರೆಯಲು ಹೊರಟು, ಅದರ ಹೆಸರೇ ನಿಷಿದ್ಧವಾಗಿ, ನೋಡಲು ಬರಿಯ ನೀರು, ಕುಡಿದರೆ ಕಾರ ಎಂಬಷ್ಟನ್ನೇ ಹೇಳಲು ಪಟ್ಟ ಪಾಡು ಬೇರೆಯೇ ಕಥೆ. ಅಷ್ಟರಲ್ಲಿ ಪುಕ್ಕಟೆ ಜೂಮ್‌ನ 40 ನಿಮಿಷ ತೀರಿ ಎಲ್ಲರೂ ಹೊರಗೆ ಬಿದ್ದರು. ಮತ್ತೆ ಅದೇ ಕೊಂಡಿ ಒತ್ತಿ ಒಬ್ಬೊಬ್ಬರೇ ಬಂದರು. ರೈಲಿನವನು ಬರಲಿಲ್ಲ, ಅವನ ನಿಲ್ದಾಣ ಬಂದಿರಬೇಕು.

ಮೇಡಂ ಮುಂದಿನ ವಾರದ್ದನ್ನು ಹೇಳಿದರು. ಮನೆಯಲ್ಲಿರುವ ಯಾವುದಾದರೂ ಹಳೆಯ ಸರ್ಕಾರಿ ಕಾಗದ ತನ್ನಿ. ಹೊಸ ಪದ ಸೇರಿಸುವಂತಿಲ್ಲ, ಜಾಗ ಬದಲಿಸುವಂತಿಲ್ಲ. ಬೇಡದ್ದನ್ನು ಕಪ್ಪು ಪೆನ್ನಿನಲ್ಲಿ ಹೊಡೆದು ಉಳಿದದ್ದೇ ಪದ್ಯ.

‘ಗಣಿ ಮುಚ್ಚಿದಾಗ ಕೊಟ್ಟ ಕಾಗದ ಇದೆ ಮೇಡಂ, 2001ರದ್ದು, ಆಗಬಹುದಾ?’ ಹಿರಿಯರು ಕೇಳಿದರು.

‘ಚೆನ್ನಾಗಿರುತ್ತೆ ಸಾರ್.’

‘ಇಂಗ್ಲಿಷ್‌ನಲ್ಲಿದೆ.’

‘ಜೆರಾಕ್ಸ್ ಮಾಡಿಸ್ಕೊಳ್ಳಿ, ಮೂಲದ ಮೇಲೆ ಗೀಚಬೇಡಿ’ ಎಂದು ಮೊದಲ ಬಾರಿಗೆ ಮೈಕು ಬಿಟ್ಟು ಕೂಗಿದಳು ಹುಡುಗಿ. ‘ಪಿಂಚಣಿ ಆಫೀಸಲ್ಲಿ ಕೇಳ್ತಾರೆ ತಾತಾ.’